ಹಾನ್ಲೆಯ ಕತ್ತಲಲ್ಲಿ 30 ಸೆಕೆಂಡು

ಲಡಾಖಿನ ಹಾನ್ಲೆಯಲ್ಲಿ ಕತ್ತಲಾದ ಮೇಲೆ ಕಾರಿನ ಹೈಬೀಮ್ ಹಾಕಿದರೆ ಬೈಸಿಕೊಳ್ಳಬೇಕಾಗುತ್ತದೆ. ನಮ್ಮ ಡ್ರೈವರ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಊರು ಇನ್ನೂ ದೂರ ಇರುವಾಗಲೇ ಲೈಟ್ ತಗ್ಗಿಸಿ, ಕಣ್ಣು ಕಿರಿದು ಮಾಡಿಕೊಂಡು ನಿಧಾನಕ್ಕೆ ಗಾಡಿ ಬಿಟ್ಟರು. ಹಿಂದಿನ ಸೀಟಿನಲ್ಲಿದ್ದ ಗೆಳೆಯ "ಇದೇನು, ಊರಿಗೆಲ್ಲ ಕರೆಂಟ್ ಹೋಗಿದೆಯಾ?" ಅಂದ. ಕರೆಂಟ್ ಇತ್ತು. ಕಿಟಕಿಗಳಿಗೆ ಪರದೆ ಎಳೆದಿದ್ದರು, ಹೊರಗಿನ ಬಲ್ಬುಗಳಿಗೆ ಮೇಲಿನಿಂದ ಮುಚ್ಚಳ ಹಾಕಿದ್ದರು. ಬೆಳಕು ನೆಲಕ್ಕೆ ಬೀಳಬೇಕು, ಆಕಾಶಕ್ಕೆ ಹೋಗಬಾರದು.

2022ರ ಡಿಸೆಂಬರ್‌ನಲ್ಲಿ ಇಲ್ಲಿನ 1,073 ಚದರ ಕಿಲೋಮೀಟರ್ ಜಾಗವನ್ನು ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಿಸಿದರು. ಹುಲಿಗೆ ಕಾಡು ಕಾಯ್ದಿರಿಸುವ ಹಾಗೆ ಇಲ್ಲಿ ಕತ್ತಲನ್ನು ಕಾಯ್ದಿರಿಸಿದ್ದಾರೆ. ಕಾರಣ ಪಕ್ಕದ ಗುಡ್ಡದ ಮೇಲಿದೆ. ಸುಮಾರು 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ, ಅದರೊಳಗೆ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್. ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಇಟ್ಟಿದ್ದಾರೆ. ಲೇಹ್‌ನಿಂದ ಸುಮಾರು 250 ಕಿಲೋಮೀಟರ್ ಬಂದು, ಪರ್ಮಿಟ್ ತೋರಿಸಿ, ಏದುಸಿರು ಬಿಡುತ್ತಾ ಗುಡ್ಡ ಹತ್ತಿ ನಿಂತರೆ ಗೊತ್ತಾಗುವುದೇನು? ಈ ಟೆಲಿಸ್ಕೋಪನ್ನು ನಡೆಸುವವರು ಕೂತಿರುವುದು ಹೊಸಕೋಟೆಯಲ್ಲಿ! ಸ್ಯಾಟಲೈಟ್ ಮೂಲಕ ಅಲ್ಲಿಂದಲೇ ತಿರುಗಿಸುತ್ತಾರೆ. "ನಾವೂ ಹೊಸಕೋಟೆಗೇ ಹೋಗಬಹುದಿತ್ತಲ್ಲ, ಬಸ್ಸಿತ್ತು" ಅಂತ ಗೆಳೆಯ ವಾಪಸ್ ಬರುವ ತನಕ ಹೇಳುತ್ತಲೇ ಇದ್ದ.

ಲೇಹ್‌ನಲ್ಲಿ ಕಳೆದ ದಿನಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಮೈ ಎತ್ತರಕ್ಕೆ ಒಗ್ಗಲಿ ಅಂತ ಸುಮ್ನೆ ಮಲಗಿದ್ದೆವು. ಪ್ಯಾಂಗಾಂಗ್ ಸರೋವರವನ್ನೂ ನೋಡಿದೆವು. ನೀಲಿ ಇದೆ, ಸೆಲ್ಫಿ ತೆಗೆಯುವ ಜನ ನೀರಿಗಿಂತ ಜಾಸ್ತಿ ಇದ್ದಾರೆ. ಅಲ್ಲಿಗೆ ಮುಗಿಯಿತು. ನಾವು ಬಂದಿದ್ದು ಸೆಪ್ಟೆಂಬರ್ ಅಮಾವಾಸ್ಯೆಯನ್ನು ಲೆಕ್ಕ ಹಾಕಿಕೊಂಡು, ರಾತ್ರಿ ಫೋಟೊ ತೆಗೆಯುವುದಕ್ಕೆ.

ಉಳಿದದ್ದು ಒಂದು ಹೋಮ್‌ಸ್ಟೇಯಲ್ಲಿ. ಮನೆಯೊಡತಿ ಊರಿನ ಆಸ್ಟ್ರೋ ಅಂಬಾಸಡರ್‌ಗಳಲ್ಲಿ ಒಬ್ಬರು. ಹಾನ್ಲೆಯ ಸುತ್ತಲಿನ ಊರುಗಳವರನ್ನೇ ಆರಿಸಿ, ತರಬೇತಿ ಮತ್ತು ಟೆಲಿಸ್ಕೋಪ್ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ಕೆಲಸ ವಹಿಸಿದ್ದಾರೆ. ಲಡಾಖಿನಲ್ಲಿ ಅಕ್ಕನನ್ನು 'ಅಚೇ ಲೇ' ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಮಾತೆಲ್ಲ ಹಿಂದಿಯಲ್ಲಿ. ಇಲ್ಲಿ ಅಕ್ಕ ಅಂತಲೇ ಬರೆಯುತ್ತೇನೆ.

ಊಟ ಆಗುತ್ತಿದ್ದಂತೆ ನಾವು ಟ್ರೈಪಾಡ್ ಹೊತ್ತು ಅಂಗಳಕ್ಕೆ ಓಡಿದೆವು. ಅಕ್ಕ ತಡೆದರು. "ಮೊದಲು 20 ನಿಮಿಷ ಕ್ಯಾಮೆರಾ ಮುಟ್ಟಬೇಡಿ. ಫೋನೂ ಬೇಡ. ಕುರ್ಚಿ ಹಾಕಿದ್ದೇನೆ, ಕೂತ್ಕೊಳ್ಳಿ." ನಮಗೋ ಒಳಗೊಳಗೇ ಚಡಪಡಿಕೆ. ಸೆಪ್ಟೆಂಬರ್ ಕೊನೆಯಲ್ಲಿ ಆಕಾಶಗಂಗೆಯ ದಟ್ಟ ಭಾಗ ನೈಋತ್ಯದಲ್ಲಿ ಆಗಲೇ ಇಳಿಯುತ್ತಿರುತ್ತದೆ, ಹತ್ತು ಗಂಟೆ ಹೊತ್ತಿಗೆ ಮುಳುಗಿಯೇ ಹೋಗುತ್ತದೆ. ಆದರೂ ಕೂತೆವು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಾ ಹೋದ ಹಾಗೆ ಆಕಾಶ ತುಂಬುತ್ತಾ ಹೋಯಿತು. ವೃಶ್ಚಿಕದ ಬಾಲ ಬೆಟ್ಟದ ಅಂಚಿಗೆ ತಾಗಿತ್ತು, ಅಭಿಜಿತ್ ನಕ್ಷತ್ರ ಮೇಲೆ ಹೊಳೆಯುತ್ತಿತ್ತು. ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೇ ಸಣ್ಣ ಮಸುಕಿನ ಹಾಗೆ ಕಂಡಿತು. ಅದರ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ.

ಗೆಳೆಯ ಪಿಸುಗುಟ್ಟಿದ: "ಬಣ್ಣ ಎಲ್ಲಿ?"

ಅಕ್ಕನಿಗೆ ಕೇಳಿಸಿತು. "ಎಲ್ಲರೂ ಇದನ್ನೇ ಕೇಳ್ತಾರೆ" ಅಂದರು. "ಫೋಟೊದಲ್ಲಿ ನೇರಳೆ, ಗುಲಾಬಿ ನೋಡಿರ್ತಾರೆ. ಇಲ್ಲಿ ಬಂದ್ರೆ ಬೂದು. ಕೆಲವರಿಗೆ ಮೋಸ ಹೋದ ಹಾಗೆ ಅನ್ಸುತ್ತೆ. ನಿಮ್ಮ ಕಣ್ಣು ಮಂದ ಬೆಳಕಲ್ಲಿ ಬಣ್ಣ ಗುರುತಿಸಲ್ಲ, ಕ್ಯಾಮೆರಾ ಬೆಳಕನ್ನು ಕೂಡಿಸಿಕೊಳ್ಳುತ್ತೆ, ಕಣ್ಣಿಗೆ ಕೂಡಿಸೋಕೆ ಬರಲ್ಲ. ಅದಕ್ಕೇ ಮೊದಲು ಕಣ್ಣಲ್ಲಿ ನೋಡಿ ಅನ್ನೋದು. ಫೋಟೊ ಮೊದಲು ನೋಡಿದ್ರೆ ಆಮೇಲೆ ಆಕಾಶ ಸಪ್ಪೆ ಆಗುತ್ತೆ."

ಇಷ್ಟು ವರ್ಷ ಲಾಂಗ್ ಎಕ್ಸ್‌ಪೋಶರ್ ಫೋಟೊ, ಅಂದರೆ ಶಟರ್ ತುಂಬ ಹೊತ್ತು ತೆರೆದಿಟ್ಟು ತೆಗೆಯುವ ಫೋಟೊ, ತೆಗೆಯುತ್ತಿದ್ದೇನೆ, ಈ ಮಾತನ್ನು ಇಷ್ಟು ಸರಳವಾಗಿ ಯಾರೂ ಹೇಳಿದ್ದು ಕೇಳಿಲ್ಲ.

ಆಮೇಲೆ ಕ್ಯಾಮೆರಾ ತೆಗೆದೆವು. 14 ಎಂ.ಎಂ. ಲೆನ್ಸ್, ಅದರ ಬಾಯಿ ಎಫ್ 2.8ರಷ್ಟು ತೆರೆದು, ಬೆಳಕಿನ ಸಂವೇದನೆ ಐಎಸ್‌ಒ 3200, ಶಟರ್ 25 ಸೆಕೆಂಡು. ಪರದೆಯ ಮೇಲೆ ಮೂಡಿದ ಚಿತ್ರದಲ್ಲಿ ಬೆಟ್ಟದ ಮೇಲುಗಡೆ ತೆಳು ಹಸಿರು ಪಟ್ಟಿ. ಯಾವುದೋ ಊರಿನ ದೀಪ ಅಂದುಕೊಂಡ ಗೆಳೆಯ. ಆ ದಿಕ್ಕಿನಲ್ಲಿ ಊರೇ ಇಲ್ಲ. ಅದು ಏರ್‌ಗ್ಲೋ. ಸುಮಾರು 100 ಕಿಲೋಮೀಟರ್ ಮೇಲೆ ಆಮ್ಲಜನಕದ ಪರಮಾಣುಗಳು ತಾವೇ ಹೊಮ್ಮಿಸುವ ಹಸಿರು ಬೆಳಕು. ಇಷ್ಟು ಕತ್ತಲಿದ್ದರೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ ಅಂತ ಗೊತ್ತಾಗುವುದು ಇಂಥ ಕಡೆಯೇ.

ತಮಾಷೆ ಅಂದರೆ ಆಕಾಶಗಂಗೆಯ ನಡುಭಾಗ ಬೆಂಗಳೂರಿನಲ್ಲೇ ಜಾಸ್ತಿ ಎತ್ತರಕ್ಕೆ ಏರುತ್ತದೆ, ದಕ್ಷಿಣಕ್ಕೆ ಹೋದಷ್ಟೂ ಅದಕ್ಕೆ ಒಳ್ಳೆಯದು. ಕಾಣಿಸಲು ನಾವು ಬಿಡುತ್ತಿಲ್ಲ, ಅಷ್ಟೆ. ಧ್ರುವ ನಕ್ಷತ್ರದ ಲೆಕ್ಕ ಇದಕ್ಕೆ ಉಲ್ಟಾ. ಬೆಂಗಳೂರಿನಲ್ಲಿ 13 ಡಿಗ್ರಿ ಎತ್ತರದಲ್ಲಿ ಕಟ್ಟಡಗಳ ಹಿಂದೆ ಅಡಗಿರುವ ಧ್ರುವ, ಹಾನ್ಲೆಯಲ್ಲಿ ಸುಮಾರು 33 ಡಿಗ್ರಿ ಮೇಲಿದೆ. ಸುತ್ತುವ ನಕ್ಷತ್ರಗಳ ಗೆರೆಗಳು ಬೆಟ್ಟಕ್ಕೆ ತಾಗದೆ ಧ್ರುವದ ಸುತ್ತಲೂ ಸಿಗುತ್ತವೆ. ಸ್ಟಾರ್ ಟ್ರೇಲ್ ತೆಗೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಒಂದು ಸರಿಯಾದ ವೈರ್ ಬೇಕಿತ್ತು. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಲೆನ್ಸನ್ನೂ, ಸಾಲಾಗಿ ಫೋಟೊ ತೆಗೆಸುವ ಟೈಮರ್ ಇರುವ ರಿಮೋಟನ್ನೂ ಬಾಡಿಗೆಗೆ ತಂದಿದ್ದೆ. ನನ್ನ ಕ್ಯಾಮೆರಾ ಕ್ಯಾನನ್ 5ಡಿ ಮಾರ್ಕ್ 3 ಅಂತ ಅಂಗಡಿಯವರಿಗೆ ಹೇಳಿ, ಬರೆದೂ ಕೊಟ್ಟಿದ್ದೆ. ಸೀಲ್ ಮಾಡಿದ ಪೌಚಿನ ಮೇಲೆ ಅದೇ ಹೆಸರು ಅಂಟಿಸಿದ್ದರು. ಒಳಗಿದ್ದದ್ದು 2.5 ಎಂ.ಎಂ. ಪಿನ್. ಈ ಕ್ಯಾಮೆರಾಕ್ಕೆ ಬೇಕಾದದ್ದು ಎನ್3 ಅನ್ನುವ ಮೂರು ಕಡ್ಡಿಯ ಪಿನ್. ಕ್ಯಾನನ್‌ನಲ್ಲೇ ಎರಡು ಬಗೆ ಇವೆ, ಒಂದರ ಜಾಗಕ್ಕೆ ಇನ್ನೊಂದು ಹೋಗುವುದೇ ಇಲ್ಲ. ಬಾಡಿಗೆಗೆ ತರುವವರಿಗೆ ಒಂದೇ ಮಾತು: ಲೇಬಲ್ ನಂಬಬೇಡಿ. ಅಂಗಡಿಯ ಕೌಂಟರಿನಲ್ಲೇ ಸಿಕ್ಕಿಸಿ, ಒಂದು ಫೋಟೊ ತೆಗೆದು ತೋರಿಸಿ ಅನ್ನಿ. ಅವರು ಮುಖ ಗಂಟು ಹಾಕಿಕೊಂಡರೂ ಚಿಂತೆಯಿಲ್ಲ.

ಆ ಕ್ಯಾಮೆರಾದಲ್ಲಿ ಅಂಥ ಟೈಮರ್ ಒಳಗೇ ಇಲ್ಲ. 30 ಸೆಕೆಂಡಿನ ಆಚೆ ಹೋಗಬೇಕಾದರೆ ಬಲ್ಬ್ ಮೋಡಿನಲ್ಲಿ ಬಟನ್ ಒತ್ತಿ ಹಿಡಿದೇ ಇರಬೇಕು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಎರಡು ಗಂಟೆ ಬೆರಳು ಅಲ್ಲಾಡದೆ ಯಾರು ನಿಲ್ಲುತ್ತಾರೆ?

ಅಕ್ಕ ಒಳಗೆ ಹೋಗಿ ಉಣ್ಣೆ ದಾರ ತಂದರು. ಅಂಗಳದಿಂದ ಬಟಾಣಿ ಗಾತ್ರದ ಕಲ್ಲೊಂದನ್ನು ಆರಿಸಿ ಶಟರ್ ಬಟನ್ ಮೇಲೆ ಇಟ್ಟು, ದಾರವನ್ನು ಕ್ಯಾಮೆರಾದ ಸುತ್ತ ಬಿಗಿಯಾಗಿ ಸುತ್ತಿದರು. "30 ಸೆಕೆಂಡಿಗೆ ಇಡಿ. ಒಂದಾದ ಮೇಲೊಂದು ತೆಗೆಯುವ ಮೋಡಿಗೆ ಹಾಕಿ. ಬಟನ್ ಒತ್ತಿರುವ ತನಕ ತಾನೇ ತೆಗೆಯುತ್ತಾ ಹೋಗುತ್ತೆ. ಆಮೇಲೆ ಕಂಪ್ಯೂಟರಲ್ಲಿ ಸೇರಿಸಿ." ಅಷ್ಟರಲ್ಲಿ ಏನೋ ನೆನಪಾದವರಂತೆ, "ನಾಯ್ಸ್ ರಿಡಕ್ಷನ್ ಆಫ್ ಮಾಡಿದ್ದೀರಾ?" ಅಂತ ಕೇಳಿದರು. ಮಾಡಿದ್ದೆ. ಅದು ಆನ್ ಇದ್ದರೆ ಪ್ರತಿ 30 ಸೆಕೆಂಡಿನ ಫೋಟೊ ಆದ ಮೇಲೆ ಶಟರ್ ಮುಚ್ಚಿಕೊಂಡು ಇನ್ನೊಂದು 30 ಸೆಕೆಂಡು ಕಪ್ಪು ಚಿತ್ರ ತೆಗೆದು, ಸೆನ್ಸರಿನ ಚುಕ್ಕೆಗಳನ್ನು ಕಳೆಯುತ್ತದೆ. ಒಂಟಿ ಫೋಟೊಕ್ಕೆ ಒಳ್ಳೆಯದು. ಸ್ಟಾರ್ ಟ್ರೇಲ್‌ನಲ್ಲಿ ಮಾತ್ರ ಗೆರೆ ತುಂಡು ತುಂಡಾಗುತ್ತದೆ.

ಕ್ಯಾಮೆರಾ ಟಕ್ ಅಂತ ಶುರುವಾಯಿತು. ಎರಡು ಗಂಟೆಯಲ್ಲಿ ಆಕಾಶ 30 ಡಿಗ್ರಿ ತಿರುಗುತ್ತದೆ. ಅಲ್ಲಿ ತನಕ ಮಾಡುವುದೇನೂ ಇಲ್ಲ. ಅಕ್ಕ ಚಹಾ ತಂದರು, ಮಾತು ಶುರುವಾಯಿತು. ನಿಜ ಹೇಳಬೇಕೆಂದರೆ ಇಡೀ ಪ್ರವಾಸದಲ್ಲಿ ಮನಸ್ಸಿನಲ್ಲಿ ಉಳಿದದ್ದು ಆ ಮಾತೇ.

ಅವರಿಗೆ ಕ್ಯಾಮೆರಾ ಕೊಳ್ಳಬೇಕಿತ್ತು. ದುಡ್ಡು ಕೂಡಿಟ್ಟಿದ್ದರು. ಬಂದ ಅತಿಥಿಗಳೆಲ್ಲ ತಮ್ಮ ತಮ್ಮ ಬ್ರ್ಯಾಂಡೇ ತಗೊಳ್ಳಿ ಅನ್ನುತ್ತಿದ್ದರಂತೆ. ನಾನೂ ಶುರು ಮಾಡಿದೆ. ಹಳೆಯ ಫುಲ್ ಫ್ರೇಮ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ದೊಡ್ಡ ಸೆನ್ಸರ್ ಜಾಸ್ತಿ ಬೆಳಕು ಹಿಡಿಯುತ್ತದೆ, ಉಳಿದ ದುಡ್ಡನ್ನು ಲೆನ್ಸಿಗೆ ಹಾಕಿ, ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟುಬಿಡಿ. ಎಫ್ 1.8 ಲೆನ್ಸು, ಕ್ಯಾಮೆರಾ ಜೊತೆ ಬರುವ ಎಫ್ 3.5 ಕಿಟ್ ಲೆನ್ಸಿಗಿಂತ ನಾಲ್ಕು ಪಟ್ಟಿನಷ್ಟು ಬೆಳಕು ಒಳಗೆ ಬಿಡುತ್ತದೆ, ಅಂದರೆ 20 ಸೆಕೆಂಡಿನ ಕೆಲಸ 5 ಸೆಕೆಂಡಿಗೆ ಮುಗಿಯುತ್ತದೆ, ಹೀಗೆ.

ಅವರು ಪೂರ್ತಿ ಕೇಳಿಸಿಕೊಂಡು ಒಂದು ನೋಟ್‌ಬುಕ್ ತಂದರು. ಕೆಂಪು ಟಾರ್ಚಿನ ಬೆಳಕಿನಲ್ಲಿ ಬಿಚ್ಚಿದರು. ರಟ್ಟಿನ ಮೂಲೆಗಳು ಮಡಚಿಕೊಂಡಿದ್ದವು. ಪ್ರತಿ ಪುಟದಲ್ಲೂ ಗೆರೆ ಎಳೆದು ಕಾಲಂ ಮಾಡಿದ್ದರು: ಕ್ಯಾಮೆರಾದ ಹೆಸರು, ಬ್ಯಾಟರಿ ಎಷ್ಟು ಹೊತ್ತಿಗೆ ಸತ್ತಿತು, ಅತಿಥಿ ಯಾಕೆ ಬೈದುಕೊಂಡರು. ಮೂರನೆಯ ಕಾಲಂನಲ್ಲಿ 'ಗ್ಲೌಸ್ ಹಾಕಿದರೆ ಬಟನ್ ಸಿಗಲ್ಲ', 'ಸ್ಕ್ರೀನ್ ಬೆಳಕು ಆರಲ್ಲ', 'ಸ್ಕ್ರೀನ್ ಮಡಚಲು ಬರಲ್ಲ, ಮೊಣಕಾಲೂರಿ ಕೂತರು', 'ಫೋಕಸ್ ಆಗಲಿಲ್ಲ, ಮಲಗಿಬಿಟ್ಟರು'.

ಯಾವ ರಿವ್ಯೂನಲ್ಲೂ ಇಂಥ ಟೇಬಲ್ ನೋಡಿಲ್ಲ.

"ಫೋಟೊ ಎಲ್ಲರದ್ದೂ ಚೆನ್ನಾಗೇ ಬರುತ್ತೆ ಭಯ್ಯಾ" ಅಂದರು. "ನಿಮ್ಮದಕ್ಕೂ ಇವರದಕ್ಕೂ ವ್ಯತ್ಯಾಸ ನನಗೆ ಗೊತ್ತಾಗಲ್ಲ. ಬ್ಯಾಟರಿ ಗೊತ್ತಾಗುತ್ತೆ. ನಿಮ್ಮದಕ್ಕೆ ಪವರ್ ಬ್ಯಾಂಕ್ ಹಾಕೋಕಾಗುತ್ತಾ?"

ಆಗುವುದಿಲ್ಲ. ಗೆಳೆಯನ ನಿಕಾನ್ ಝಡ್5ಗೆ ಆಗುತ್ತದೆ. ಅದರ ಟೈಪ್-ಸಿಗೆ ಪವರ್ ಬ್ಯಾಂಕ್ ಸಿಕ್ಕಿಸಿ, ಪವರ್ ಬ್ಯಾಂಕಿಗೆ ಉಣ್ಣೆಯ ಸಾಕ್ಸ್ ತೊಡಿಸಿ ಟ್ರೈಪಾಡಿಗೆ ನೇತು ಹಾಕಿದ್ದ. ಟೈಮರ್ ಕ್ಯಾಮೆರಾದ ಒಳಗೇ ಇದೆ, ವೈರಿನ ಗೊಡವೆಯೇ ಇಲ್ಲ. ಅಕ್ಕ ಅದನ್ನು ಕೈಗೆ ತಗೊಂಡು, ದಪ್ಪ ಗ್ಲೌಸಿನಲ್ಲೇ ಡಯಲ್ ತಿರುಗಿಸಿ ನೋಡಿದರು. ಅಭಿಜಿತ್ ನಕ್ಷತ್ರಕ್ಕೆ ಗುರಿಯಿಟ್ಟು, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ, ಲೆನ್ಸನ್ನು ಕೈಯಲ್ಲೇ ತಿರುಗಿಸಿ ಚುಕ್ಕೆ ಚಿಕ್ಕದಾಗುವ ತನಕ ಫೋಕಸ್ ಮಾಡಿದರು. ಬಲು ದೂರದ್ದಕ್ಕೆ ಅಂತ ಲೆನ್ಸಿನ ಮೇಲಿರುವ ಇನ್ಫಿನಿಟಿ ಗುರುತನ್ನು ನಂಬಿ ಲೆನ್ಸ್ ನಿಲ್ಲಿಸುವವರು ಇದನ್ನು ನೋಡಬೇಕಿತ್ತು. ಮತ್ತೆ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ದೊಡ್ಡ ಸೆನ್ಸರೇ ಬೇಕಾ, ಚಿಕ್ಕದಾದರೆ ಸಾಲದಾ ಅಂತ ಕೇಳಿದರು. ಸಾಕು, ಆದರೆ ಎಕ್ಸ್‌ಪೋಶರ್ ಸಮಯ ಕಡಿಮೆ ಮಾಡಬೇಕಾಗುತ್ತದೆ ಅಂದೆ. 500 ಅನ್ನು ಲೆನ್ಸಿನ ಎಂ.ಎಂ.ನಿಂದ ಭಾಗಿಸಿದರೆ ನಕ್ಷತ್ರ ಗೆರೆಯಾಗುವ ಮೊದಲು ಎಷ್ಟು ಸೆಕೆಂಡು ಸಿಗುತ್ತದೆ ಅಂತ ಗೊತ್ತಾಗುತ್ತದೆ. 20 ಎಂ.ಎಂ.ಗೆ 25 ಸೆಕೆಂಡು. ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರಿನಲ್ಲಿ ಅದನ್ನು ಇನ್ನೂ 1.5ರಿಂದ ಭಾಗಿಸಬೇಕು, ಸುಮಾರು 17 ಸೆಕೆಂಡು. "17 ಸಾಕಪ್ಪ" ಅಂದರು. "ಹಗುರ ಇರುತ್ತಲ್ವಾ?" ಇರುತ್ತದೆ. ನನ್ನ ಫುಲ್ ಫ್ರೇಮ್ ಭಾಷಣ ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ರಸ್ತೆಯಾಚೆಯ ಚೋರ್ಟೆನ್ (ಬೌದ್ಧ ಸ್ತೂಪ) ಮೇಲೆ ಬಿಳಿ ಬೆಳಕು ಓಡಾಡಿತು. ಜೀಪಿನಲ್ಲಿ ಬಂದ ಒಂದು ಗುಂಪು ಶಟರ್ ತೆರೆದಿಟ್ಟು ಎಲ್‌ಇಡಿ ಟಾರ್ಚಿನ ಬೆಳಕು ಆಡಿಸಿ ಲೈಟ್ ಪೇಂಟಿಂಗ್ ಮಾಡುತ್ತಿತ್ತು. ನನಗೆ ಈ ಶೋಕಿ ಇಂಥ ಕಡೆ ಸೇರುವುದಿಲ್ಲ. ಒಬ್ಬರ ಫೋಟೊ ಚೆಂದ ಆಗಲಿಕ್ಕೆ ಸುತ್ತಲಿನವರ ಕಣ್ಣಿಗೆ ಮತ್ತೆ 20 ನಿಮಿಷದ ಕುರುಡು. ಅಕ್ಕ ಎದ್ದು ಹೋದರು. ಏನು ಹೇಳಿದರೋ, ಟಾರ್ಚ್ ಆರಿತು. ವಾಪಸ್ ಬಂದು "ಊರಿನವರು ಬಾತ್‌ರೂಮಿಗೂ ಕೆಂಪು ದೀಪ ಹಿಡಿದು ಹೋಗ್ತೀವಿ, ಇವರಿಗೆ ಏನು ಅರ್ಜೆಂಟು?" ಅಂತ ಗೊಣಗಿದರು.

ಮರುದಿನ ಸಂಜೆ ಮೋಡ. ನಕ್ಷತ್ರ ಒಂದೂ ಇಲ್ಲ. ಎಲ್ಲರೂ ಒಳಗೆ ಕೋಣೆ ಕಾಯಿಸುವ ಬುಖಾರಿ ಒಲೆಯ ಸುತ್ತ ಕೂತೆವು. ಅಕ್ಕನ ಮಗಳು ನಮ್ಮ ಕ್ಯಾಮೆರಾವನ್ನೇ ನೋಡುತ್ತಿದ್ದಳು. ಪರದೆ ಸರಿಯಾಗಿ ಎಳೆದಿದೆಯಾ ಅಂತ ನೋಡಿ, ದೀಪ ಆರಿಸಿ, ಅವಳ ಕೈಗೆ ಸಣ್ಣ ಟಾರ್ಚ್ ಕೊಟ್ಟೆವು. ಐಎಸ್‌ಒ 100, ಎಫ್ 8, 20 ಸೆಕೆಂಡು. ಗಾಳಿಯಲ್ಲಿ ಹೆಸರು ಬರಿ ಅಂದೆವು. ಕೋಣೆಯೊಳಗೆ ಲೈಟ್ ಪೇಂಟಿಂಗಿಗೆ ನನ್ನದೇನೂ ತಕರಾರಿಲ್ಲ.

ಅವಳು ಲಡಾಖಿನವರ ಬೋಧಿ ಅಕ್ಷರಗಳಲ್ಲಿ ಬರೆದಳು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು. ಫೋಟೊದಲ್ಲಿ ಹುಡುಗಿ ಮಾಯ, ಬೆಳಕಿನ ಅಕ್ಷರಗಳು ಮಾತ್ರ ಇದ್ದವು, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಕ್ಯಾಮೆರಾ ಅವಳ ಎದುರಿಗಿತ್ತಲ್ಲ. ತಿರುಗಿಸಿಕೊಡುತ್ತೇನೆ ಇರು ಅನ್ನುವಷ್ಟರಲ್ಲಿ ಅವಳು ಟಾರ್ಚ್ ಕಿತ್ತುಕೊಂಡು ಮತ್ತೆ ನಿಂತಳು. ಈ ಸಲ ಬಲದಿಂದ ಎಡಕ್ಕೆ, ಒಂದೊಂದು ಅಕ್ಷರವನ್ನೂ ಉಲ್ಟಾ ಮಾಡಿ ನಿಧಾನಕ್ಕೆ ಬರೆದಳು. ಫೋಟೊದಲ್ಲಿ ನೇರ ಬಂತು. ಕೊನೆಯ ಅಕ್ಷರದ ಕಾಲು ಮಾತ್ರ 20 ಸೆಕೆಂಡಿಗೆ ಸಿಗದೆ ಅರ್ಧಕ್ಕೆ ನಿಂತಿತ್ತು.

"ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ ಅಲ್ವಾ?" ಅಂತ ಅಕ್ಕ ಕೇಳಿದರು.

ಬೇಡ ಅಂದೆ. ಅವರ ಫೋನಿನಲ್ಲೇ ಪ್ರೊ ಮೋಡ್ ಇತ್ತು, ಅದರಲ್ಲಿ 30 ಸೆಕೆಂಡಿನ ತನಕ ಹೋಗುತ್ತಿತ್ತು. ಫೋನನ್ನು ಚಹಾ ಲೋಟಕ್ಕೆ ಒರಗಿಸಿ ನಿಲ್ಲಿಸಿದೆವು. ಊಟ ತಣ್ಣಗಾಗುತ್ತಿದೆ ಅಂತ ಒಳಗಿನಿಂದ ಕೂಗು ಬಂದರೂ ಹುಡುಗಿ ಟಾರ್ಚ್ ಬಿಡಲಿಲ್ಲ.