ಸೋಮವಾರದ ಕಾಡಿಗೆ

ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ 14 ವರ್ಷದಿಂದ ಮೇಷ್ಟ್ರಾಗಿದ್ದೇನೆ. ಭಾನುವಾರ ಸಂಜೆ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತೇನೆ. ಇದನ್ನು ಶಾಲೆಯಲ್ಲಿ ಒಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಯಾರೂ ಬೇಡ ಅಂದಿರಲಿಲ್ಲ, ನಾನೇ ಹೆದರಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಶಿಕ್ಷಕರೊಬ್ಬರು, "ಮಕ್ಕಳ ಕಣ್ಣಿಗೆ ಮೇಷ್ಟ್ರು ಯಾವಾಗಲೂ ಮೇಷ್ಟ್ರೇ, ತರಕಾರಿ ಮಾರ್ಕೆಟ್ಟಿನಲ್ಲೂ" ಅಂದಿದ್ದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಸೀರೆ ಉಟ್ಟು ಮಲ್ಲಿಗೆ ಮುಡಿದು ಕುಣಿಯುವ ಮೇಷ್ಟ್ರನ್ನು ಏಳನೇ ಕ್ಲಾಸಿನ ಹುಡುಗರು ಸುಮ್ನೆ ಬಿಡ್ತಾರಾ?

ಕರಾವಳಿಯ ಊರಿನ ಯಕ್ಷಗಾನ ಮೇಳಗಳು ಮೇ ಕೊನೆಗೆ, ತುಳುನಾಡಿನ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುತ್ತವೆ. ಮಳೆಗಾಲದಲ್ಲಿ ಅಲ್ಲಿನ ಕಲಾವಿದರು ಮುಂಬಯಿಗೆ ಬರುತ್ತಾರೆ. ಆಗ ನಮ್ಮಂಥ ಹವ್ಯಾಸಿಗಳಿಗೂ ಅವರ ಜೊತೆ ವೇಷ ಸಿಗುತ್ತದೆ. ಇಲ್ಲಿ ಶಾಲೆ ಶುರುವಾಗುವುದೂ ಜೂನ್ ಮಧ್ಯದಲ್ಲೇ. ಕುರ್ಲಾದಲ್ಲೋ ಮಾಟುಂಗದಲ್ಲೋ ಆಟ. ಬೆಳಗಿನ ತನಕ ಅಲ್ಲ, ಹತ್ತರೊಳಗೆ ಮಂಗಳ ಹಾಡಲೇಬೇಕು. ನೋಡಲು ಬಂದವರೂ ಲೋಕಲ್ ಹಿಡಿಯಬೇಕಲ್ವಾ. ವೇಷ ಕಟ್ಟುವ ಚೌಕಿಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿ ಹೊರಟರೆ ಡೊಂಬಿವಲಿಯ ಮನೆ ಸೇರುವಾಗ ಹನ್ನೆರಡು. ಮುಖದ ಬಣ್ಣ ಹೋಗುತ್ತದೆ. ಕಣ್ಣಿನ ಕಾಡಿಗೆ ಮಾತ್ರ ರೆಪ್ಪೆಯ ಬುಡದಲ್ಲಿ ಸಣ್ಣ ಗೆರೆಯಾಗಿ ಉಳಿದುಬಿಡುತ್ತದೆ. ಸೋಪು ಹಾಕಿ ಉಜ್ಜಿದರೆ ಕಣ್ಣು ಕೆಂಪಾಗುತ್ತದೆ, ಗೆರೆ ಅಲ್ಲೇ ಇರುತ್ತದೆ.

ಅಂಥ ಒಂದು ಸೋಮವಾರ ಮುಂದಿನ ಬೆಂಚಿನ ಹುಡುಗ ಕೇಳಿದ, "ಸರ, ಕಣ್ಣಿಗೆ ಏನಾಗೇದ್ರಿ?" ಯಾದಗಿರಿ ಕಡೆಯವನು. ಅಪ್ಪ ಅವ್ವ ಇಬ್ಬರೂ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ.

"ಕಣ್ಣುರಿ ಕಣೋ, ಔಷಧಿ ಹಾಕಿದ್ದೇನೆ" ಅಂದೆ. ಸುಳ್ಳು ಸಲೀಸಾಗಿ ಬಂತು.

ಮರುದಿನ ಅವನು ಕೆಮ್ಮಿನ ಔಷಧಿಯ ಹಳೇ ಶೀಶೆಯೊಂದನ್ನು ಮೇಜಿನ ಮೇಲಿಟ್ಟ. ಒಳಗೆ ಕಾಲು ಭಾಗ ಹರಳೆಣ್ಣೆ. ಸೋರದಿರಲಿ ಅಂತ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. "ಅವ್ವ ಕೊಟ್ಟಾಳ್ರಿ. ಊರಿಂದ ತಂದಿದ್ದು. ರಾತ್ರಿ ರೆಪ್ಪಿಗೆ ಹಚ್ಚಿಕೊಳ್ರಿ, ಉರಿ ಹೋಗ್ತದ."

ಅವತ್ತು ನನಗೆ ಪಾಠ ಮಾಡಲು ಆಗಲಿಲ್ಲ. ಹೋಮ್‌ವರ್ಕ್ ವಿಷಯಕ್ಕೆ ಸುಳ್ಳು ಹೇಳಿದ ಅಂತ ಇದೇ ಹುಡುಗನನ್ನು ಹಿಂದಿನ ವಾರ ನಿಲ್ಲಿಸಿದ್ದೆ. ಊರಿಂದ ಜತನವಾಗಿ ತಂದ ಎಣ್ಣೆಯಲ್ಲಿ ಆ ತಾಯಿ ಮಗನ ಮೇಷ್ಟ್ರಿಗೆ ಪಾಲು ಕೊಟ್ಟಿದ್ದಳು, ಇಲ್ಲದ ಕಣ್ಣುರಿಗೆ.

ಬುಧವಾರ ಕ್ಲಾಸಿನಲ್ಲಿ ಎಲ್ಲ ಹೇಳಿದೆ. ಮೊಬೈಲಿನಲ್ಲಿ ನನ್ನ ವೇಷದ ಫೋಟೋ ತೋರಿಸಿದೆ, ಹರಿಶ್ಚಂದ್ರನ ಹೆಂಡತಿ ಚಂದ್ರಮತಿಯದು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಪ್ರಶ್ನೆಗಳು. ಕೂದಲು ನಿಮ್ದೇನಾ? ಸೀರೆ ಯಾರು ಉಡಿಸ್ತಾರೆ? ಒಬ್ಬಳು ಕೇಳಿದಳು, "ನೀವು ನಿಜವಾಗ್ಲೂ ಅಳ್ತೀರಾ ಸರ್?" ಇದಕ್ಕೆ ಉತ್ತರ ಕೊಡಲು ಹೊತ್ತು ಹಿಡಿಯಿತು. ಸತ್ತ ಲೋಹಿತಾಶ್ವನನ್ನು ತೊಡೆಯ ಮೇಲಿಟ್ಟುಕೊಂಡಾಗ ಭಾಗವತರು ಪದ್ಯ ಎತ್ತಿದರೆ ಕೆಲವು ದಿನ ಕಣ್ಣೀರು ತಾನಾಗಿ ಬರುತ್ತದೆ, ಕೆಲವು ದಿನ ತಾಳದ ಮೇಲಷ್ಟೇ ಗಮನ ಇರುತ್ತದೆ ಅಂದೆ. ಇದ್ದದ್ದು ಇದ್ದ ಹಾಗೆ.

"ಹಂಗಾರ ಎಣ್ಣಿ ಬ್ಯಾಡೇನ್ರಿ?" ಅಂದ ಶೀಶೆ ತಂದವನು. ಬೇಕು ಅಂದೆ. ಹತ್ತಿಗೆ ಹರಳೆಣ್ಣೆ ಅದ್ದಿ ಒರೆಸಿದರೆ ಕಾಡಿಗೆ ಬಿಡುತ್ತದೆ.

ವಾರದೊಳಗೆ ತಂದೆಯೊಬ್ಬರು ಮುಖ್ಯೋಪಾಧ್ಯಾಯರ ಹತ್ತಿರ ಹೋದರು. ಗಂಡಸು ಸೀರೆ ಉಟ್ಟು ಕುಣಿಯುವುದನ್ನು ಮಗಳಿಗೆ ಯಾಕೆ ತೋರಿಸಬೇಕು ಅಂತ. ನನ್ನನ್ನು ಕರೆಸಿದರು. ಹೋಗುವ ಮುಂಚೆ 2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ಓದಿದ್ದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಪಾಠಕ್ಕೆ ಸಂಬಂಧಿಸದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎನ್ನುತ್ತದೆ 27ನೇ ಕಲಂ. ಖಾಸಗಿ ಟ್ಯೂಷನ್ ಬೇಡ ಎನ್ನುತ್ತದೆ 28ನೆಯದು. ವೇಷ ಕಟ್ಟಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಅದನ್ನೇ ಹೇಳಿದೆ. ಮುಖ್ಯೋಪಾಧ್ಯಾಯರು ಒಪ್ಪಿದರು. ಆದರೆ ಆ ತಂದೆಯ ಕಳವಳಕ್ಕೆ ಕಾಯ್ದೆ ಉತ್ತರ ಅಲ್ಲ, ಅದು ನನಗೂ ಗೊತ್ತಿತ್ತು.

ಹಾಗಾಗಿ ಕೆಲವನ್ನು ನಾನೇ ಗಟ್ಟಿ ಮಾಡಿಕೊಂಡೆ. ಆಟದ ಫೋಟೋ ಪಾಲಕರ ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ. ಪಾಲಕರಿಗೆ ಟಿಕೆಟ್ ಮಾರುವುದಿಲ್ಲ. ಅಭ್ಯಾಸಕ್ಕೆ ಅಂತ ಶಾಲೆಯ ಒಂದು ಗಂಟೆಯನ್ನೂ ಮುಟ್ಟುವುದಿಲ್ಲ. ಮನೆಯ ಸಾಲ, ಅಮ್ಮನ ಕಾಯಿಲೆ ಇವೆಲ್ಲ ಮಕ್ಕಳ ತನಕ ಬರಬೇಕಾಗಿಲ್ಲ, ಬಂದೂ ಇಲ್ಲ. ಹೇಳದೆ ಇರುವುದಕ್ಕೆ ಮೇಷ್ಟ್ರಿಗೂ ಹಕ್ಕಿದೆ ಅಂತ ನಾನು ನಂಬುತ್ತೇನೆ. ಆದರೆ ಎದುರು ನಿಂತು ಕೇಳಿದ ಮಗುವಿಗೆ "ಅದು ನನ್ನ ಸ್ವಂತ ವಿಷಯ ಕಣೋ" ಅನ್ನಬಹುದಿತ್ತು. ಕಣ್ಣುರಿ ಅನ್ನಬಾರದಿತ್ತು.

ಆ ತಂದೆ ಇವತ್ತಿಗೂ ನನ್ನನ್ನು ಮಾತಾಡಿಸಿಲ್ಲ. ಶೀಶೆ ನನ್ನ ಬಣ್ಣದ ಪೆಟ್ಟಿಗೆಯಲ್ಲಿದೆ. ಎಣ್ಣೆ ಮುಗಿದ ಮೇಲೆ ಅಂಗಡಿಯಿಂದ ತಂದು ಅದಕ್ಕೇ ತುಂಬುತ್ತೇನೆ.