ಪ್ರವಾಸದಲ್ಲಿ ಪಾರ್ಕಿಗೂ ಒಂದು ಬೆಳಗು

ಮಕ್ಕಳೊಂದಿಗೆ ಹೊರಡುವ ಪ್ರವಾಸದಲ್ಲಿ ಆ ಊರಿನ ಸಾರ್ವಜನಿಕ ಉದ್ಯಾನಕ್ಕೆ ಸಾಮಾನ್ಯವಾಗಿ ಸಿಗುವುದು ಮಿಕ್ಕ ಸಮಯ ಮಾತ್ರ. ನೋಡಬೇಕೆಂದುಕೊಂಡ ಸ್ಥಳಗಳನ್ನೆಲ್ಲ ಸುತ್ತಿ ಮುಗಿಸಿ, ಹಿಂದಿರುಗುವ ರೈಲಿಗೆ ಇನ್ನೂ ಒಂದಷ್ಟು ಹೊತ್ತಿದೆ ಎನ್ನುವಾಗ, ಅಷ್ಟರಲ್ಲಾಗಲೇ ದಣಿದು ಹಟ ಹಿಡಿದಿರುವ ಮಕ್ಕಳನ್ನು ನಾವು ಅಲ್ಲಿಗೆ ಕರೆದೊಯ್ಯುತ್ತೇವೆ. ನಮ್ಮ ಮನೆಯಲ್ಲಿ ಈಗ ರೂಢಿ ಬೇರೆಯಾಗಿದೆ. ಊರು ತಲುಪಿದ ಮೇಲೆ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೊದಲ ಬೆಳಗನ್ನೇ ಪಾರ್ಕಿಗೆಂದು ಎತ್ತಿಡುತ್ತೇವೆ, ಆ ದಿನ ಮಧ್ಯಾಹ್ನದವರೆಗೆ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳುವುದಿಲ್ಲ.

ಇದಕ್ಕೆ ಕಾರಣ ಸರಳವಾಗಿದೆ. ವಸ್ತುಸಂಗ್ರಹಾಲಯವಿರಲಿ, ಹಳೆಯ ಕೋಟೆಯಿರಲಿ, ಅಲ್ಲಿ ಏನನ್ನು ನೋಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನೆಲ್ಲ ದೊಡ್ಡವರೇ ತೀರ್ಮಾನಿಸುತ್ತಾರೆ. ಮಕ್ಕಳ ಪಾಲಿಗೆ ಬರುವುದು ಮುಟ್ಟಬೇಡ, ಓಡಬೇಡ ಎಂಬ ಮಾತುಗಳು. ಪಾರ್ಕಿನಲ್ಲಿ ಮಾತ್ರ ಮುಂದೇನು ಎಂಬುದನ್ನು ಮಗು ತೀರ್ಮಾನಿಸುತ್ತದೆ, ನಾವು ಅದರ ಹಿಂದೆ ನಡೆಯುತ್ತೇವೆ. ಪ್ರವಾಸದ ಉಳಿದ ದಿನಗಳಲ್ಲಿ ಮಕ್ಕಳು ನಮ್ಮ ಆಸಕ್ತಿಗಳಿಗೆ ತಾಳ್ಮೆಯಿಂದ ಜೊತೆಗೊಡಬೇಕೆಂದು ಬಯಸುವ ನಾವು, ಒಂದು ಬೆಳಗಿನ ಮಟ್ಟಿಗಾದರೂ ಅವರ ಆಸಕ್ತಿಗೆ ಜೊತೆಗೊಡುವುದು ನ್ಯಾಯವೆಂದು ನಾನು ನಂಬುತ್ತೇನೆ.

ಯಾವ ಪಾರ್ಕಿಗೆ ಹೋಗಬೇಕೆಂಬುದನ್ನು ಪ್ರವಾಸಿಗರ ಪಟ್ಟಿಯಿಂದ ಆರಿಸುವುದಕ್ಕಿಂತ ಆ ಊರಿನವರನ್ನೇ ಕೇಳುವುದು ಒಳ್ಳೆಯದು. 1850ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಅಮೆರಿಕದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಅವರಿಗೆ ಬರ್ಕೆನ್‌ಹೆಡ್‌ನಲ್ಲಿ ಒಬ್ಬ ಬೇಕರಿಯವನು, ತಮ್ಮ ಊರಿನ ಹೊಸ ಪಾರ್ಕನ್ನು ನೋಡದೆ ಹೋಗಬಾರದೆಂದು ಒತ್ತಾಯಿಸಿದನಂತೆ. ಸಾರ್ವಜನಿಕ ಹಣದಿಂದ ಸಾರ್ವಜನಿಕರಿಗಾಗಿಯೇ ನಿರ್ಮಿಸಿ 1847ರಲ್ಲಿ ತೆರೆದಿದ್ದ ಆ ಉದ್ಯಾನದಲ್ಲಿ ಎಲ್ಲ ವರ್ಗದ ಜನರೂ ಸಮಾನವಾಗಿ ಓಡಾಡುವುದನ್ನು ಕಂಡು ಓಮ್‌ಸ್ಟೆಡ್ ಬೆರಗಾದರು. ಮುಂದೆ ಕ್ಯಾಲ್ವರ್ಟ್ ವಾಕ್ಸ್ ಅವರೊಂದಿಗೆ ಸೇರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದವರು ಅವರೇ. ನಾವು ಇಳಿದುಕೊಂಡ ಕಡೆಯವರನ್ನು, ಅದರಲ್ಲಿಯೂ ಚಿಕ್ಕ ಮಕ್ಕಳಿರುವವರನ್ನು, ‘ನಿಮ್ಮ ಮಕ್ಕಳನ್ನು ಆಡಲು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?’ ಎಂದು ಕೇಳಿದರೆ ನೆರಳಿರುವ, ಶೌಚಾಲಯ ಸ್ವಚ್ಛವಾಗಿರುವ, ಕುಡಿಯುವ ನೀರು ಸಿಗುವ ಜಾಗ ತಿಳಿದುಬಿಡುತ್ತದೆ.

ಆಟದ ಸಲಕರಣೆಗಳು ಕಡಿಮೆಯಿವೆ ಎಂಬ ಕಾರಣಕ್ಕೆ ಯಾವ ಪಾರ್ಕನ್ನೂ ತಳ್ಳಿಹಾಕಬಾರದು. ಎರಡನೆಯ ಮಹಾಯುದ್ಧದ ನಂತರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಮೊದಲುಗೊಂಡು ನೂರಾರು ಆಟದಂಗಳಗಳನ್ನು ವಿನ್ಯಾಸಗೊಳಿಸಿದರು. ಅವುಗಳಲ್ಲಿ ಇದ್ದದ್ದು ಮರಳಿನ ಗುಂಡಿ, ಕುಪ್ಪಳಿಸಲು ಗಿಡ್ಡನೆಯ ಕಾಂಕ್ರೀಟ್ ದಿಮ್ಮಿಗಳು, ತೂಗಾಡಲು ಲೋಹದ ಸರಳುಗಳು, ಇಂಥವೇ. ಹೀಗೆಯೇ ಆಡಬೇಕೆಂದು ಹೇಳದ ಇಂಥ ವಸ್ತುವಿಗೆ ಮಕ್ಕಳು ತಾವೇ ಹತ್ತು ಉಪಯೋಗಗಳನ್ನು ಹುಡುಕುತ್ತಾರೆ.

ಹೊಸ ಪಾರ್ಕಿಗೆ ಕಾಲಿಟ್ಟ ಮಗು ಮೊದಲಿಗೆ ಸುಮ್ಮನೆ ನಿಂತು ನೋಡುವುದುಂಟು, ಆಗ ‘ಹೋಗು, ಆಡು’ ಎಂದು ಬೆನ್ನಿಗೆ ಕೈ ಹಾಕಿ ದೂಡಬಾರದು. ನನ್ನ ಮಗಳು ಒಮ್ಮೆ ಹೀಗೆಯೇ ನಿಂತಿದ್ದು, ಬಹಳ ಹೊತ್ತಿನ ಮೇಲೆ ಸೀಸಾ ಎಂಬ ಏರಿಳಿಯುವ ಆಟದ ಹಲಗೆಯ ಖಾಲಿ ತುದಿಗೆ ಹೋಗಿ ಕುಳಿತಳು. ಎದುರು ತುದಿಯಲ್ಲಿದ್ದ ಹುಡುಗ ಅವಳಿಗಿಂತ ದೊಡ್ಡವನು, ಇಬ್ಬರ ಭಾಷೆಯೂ ಬೇರೆ. ಇವಳು ಮೇಲೆಯೇ ಉಳಿದಾಗ ಅವನು ಸ್ವಲ್ಪ ಯೋಚಿಸಿ ಹಲಗೆಯ ಮೇಲೆ ನಡುವಿನತ್ತ ಸರಿದು ಕುಳಿತನು, ಹಲಗೆ ಅಲುಗಾಡಿತು. ಇನ್ನೊಂದು ಗೇಣು ಸರಿದಾಗ ಇವಳ ಪಾದ ನೆಲ ಮುಟ್ಟಿತು. ಭಾರ ಹೆಚ್ಚಿರುವವರು ನಡುವಿಗೆ ಹತ್ತಿರ ಕುಳಿತರೆ ತೂಕ ಸಮವಾಗುತ್ತದೆ ಎಂಬ ಸನ್ನೆಕೋಲಿನ ತತ್ತ್ವವನ್ನು ಅವರಿಬ್ಬರೂ ಒಂದೂ ಮಾತಿಲ್ಲದೆ ಕಂಡುಕೊಂಡರು. ಆ ಪ್ರವಾಸದಲ್ಲಿ ಅವಳು ಆ ಊರಿನವರೊಬ್ಬರೊಂದಿಗೆ ತಾನಾಗಿಯೇ ಬೆರೆತದ್ದು ಅಲ್ಲಿ ಮಾತ್ರ.

ಎಚ್ಚರಿಕೆ ಬೇಕಾದ ವಿಷಯಗಳೂ ಇವೆ. ಬಿಸಿಲಿನಲ್ಲಿರುವ ಜಾರುಬಂಡೆ, ಅದು ಲೋಹದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಎಳೆಯ ಚರ್ಮವನ್ನು ಸುಡುವಷ್ಟು ಕಾದಿರಬಹುದಾದ್ದರಿಂದ ಮೊದಲು ನಮ್ಮ ಅಂಗೈಯಿಟ್ಟು ನೋಡಬೇಕು. ಪುಟ್ಟ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು ಸುರಕ್ಷಿತವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಮಗುವಿನ ಪಾದ ಬದಿಗೆ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ದೊಡ್ಡವರ ಭಾರಕ್ಕೆ ಕಾಲು ತಿರುಚಿ ಮೂಳೆ ಮುರಿಯುವ ಸಂಭವವಿದೆ. ಕುತ್ತಿಗೆಯ ಬಳಿ ದಾರ ಇಳಿಬಿಟ್ಟ ಉಡುಪನ್ನೂ ಅಂದು ತೊಡಿಸಬಾರದು.

ಇಷ್ಟನ್ನು ನೋಡಿಕೊಂಡ ಮೇಲೆ ದೂರ ಸರಿದು ಕುಳಿತುಕೊಳ್ಳಬೇಕು. ನಾರ್ವೆಯ ಸಂಶೋಧಕಿ ಎಲ್ಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಎತ್ತರಕ್ಕೆ ಹತ್ತುವುದು, ವೇಗವಾಗಿ ಚಲಿಸುವುದು, ಹಿರಿಯರ ಕಣ್ಣಿನಿಂದ ಮರೆಯಾಗಿ ಅಲೆಯುವುದು ಅವುಗಳಲ್ಲಿ ಸೇರಿವೆ. ಮೂರನೆಯದಕ್ಕೆ ಅಪರಿಚಿತ ಊರಿನಲ್ಲಿ ನನ್ನ ಒಪ್ಪಿಗೆಯಿಲ್ಲ, ಆದರೆ ಮೊದಲ ಎರಡಕ್ಕೆ ಅಡ್ಡಿಪಡಿಸುವುದಿಲ್ಲ. ಮಗು ತಾನಾಗಿಯೇ ಹತ್ತಲಾಗದ ಎತ್ತರಕ್ಕೆ ಅದನ್ನು ಎತ್ತಿ ಕೂರಿಸುವುದಿಲ್ಲ, ತಾನಾಗಿಯೇ ಹತ್ತಿದ ಎತ್ತರದಿಂದ ಗಾಬರಿಯಾಗಿ ಇಳಿಸುವುದೂ ಇಲ್ಲ. ಕೆಳಗೆ ನಿಂತು, ಕಾಲನ್ನು ಎಲ್ಲಿಡಬೇಕೆಂದು ಕೇಳಿದರೆ ಮಾತ್ರ ಹೇಳುತ್ತೇನೆ.

ದಿನಗಳು ಉಳಿದಿದ್ದರೆ ಇನ್ನೊಂದು ಪಾರ್ಕನ್ನು ಹುಡುಕದೆ ಮತ್ತೆ ಅಲ್ಲಿಗೇ ಹೋಗುವುದು ನನಗೆ ಇಷ್ಟ. ಎರಡನೆಯ ಸಲ ಮಗು ಗೇಟಿನ ಬಳಿ ನಿಂತು ನೋಡುವುದಿಲ್ಲ, ನೇರವಾಗಿ ತನಗೆ ಬೇಕಾದ ಕಡೆಗೆ ಓಡುತ್ತದೆ, ಮತ್ತು ಅಲ್ಲಿಗೆ ಹೊಸದಾಗಿ ಬಂದ ಮಗುವಿಗೆ ಯಾವ ಉಯ್ಯಾಲೆ ಚೆನ್ನಾಗಿದೆ ಎಂದು ತೋರಿಸುತ್ತದೆ.