ಬಲ್ಮಠದ ಹಾಡು, ಅತ್ತೂರಿನ ಕಣ್ಣೀರು

ಜನವರಿಯ ಕೊನೆಯ ವಾರ ಕರಾವಳಿಗೆ ಹೋದವರು ಅತ್ತೂರಿನ ಸಂತ ಲಾರೆನ್ಸ್ ಇಗರ್ಜಿಯ ಸಾಂತ್‌ಮಾರಿ ಜಾತ್ರೆಯನ್ನು ನೋಡದೆ ಬರಬಾರದೆಂದು ಕಾರ್ಕಳದ ಗೆಳತಿ ವರ್ಷಗಳಿಂದ ಹೇಳುತ್ತಲೇ ಇದ್ದಳು. ನಾನು ಬೆಳೆದದ್ದು ಧಾರವಾಡದಲ್ಲಿ, ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆಯ ಪರಂಪರೆಯ ಕ್ರೈಸ್ತ ಸಭೆಯಲ್ಲಿ. ಅಲ್ಲಿ ಆರಾಧನೆ ಎಂದರೆ ಸಾಲು ಬೆಂಚು, ಕೈಯಲ್ಲಿ ಹಾಡಿನ ಪುಸ್ತಕ, ಅರ್ಧ ಗಂಟೆಯ ಪ್ರಸಂಗ, ಅಂದರೆ ಪ್ರವಚನ. ಯಾರಾದರೂ ಬಿಕ್ಕಿದರೆ ಪಕ್ಕದವರು ತಲೆ ತಗ್ಗಿಸಿ, ಕೇಳಿಸದವರಂತೆ ಕುಳಿತುಬಿಡುತ್ತಾರೆ. ಅಳು, ನಗು, ಭಯ, ಹಂಬಲ ಇವಕ್ಕೆಲ್ಲ ದೇವರ ಮುಂದೆ ಎಷ್ಟು ಜಾಗವಿದೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ. ಹಾಗಾಗಿ ಅತ್ತೂರಿಗೆ ಹೋಗುವ ಮೊದಲು ನಮ್ಮ ಪರಂಪರೆಯ ಮೂಲವನ್ನೇ ನೋಡೋಣವೆಂದು ಭಾನುವಾರ ಬೆಳಿಗ್ಗೆ ಮಂಗಳೂರಿನ ಬಲ್ಮಠಕ್ಕೆ ಹೋದೆ.

ಬಲ್ಮಠದ ಶಾಂತಿ ಕೆಥೆಡ್ರಲ್ 1862ರದ್ದು. ಅದಕ್ಕೂ ಮೊದಲು, 1834ರಲ್ಲಿ ಬಾಸೆಲ್ ಮಿಷನ್ನಿನ ಸ್ಯಾಮ್ಯುಯೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಈ ಊರಿಗೆ ಬಂದಿಳಿದಿದ್ದರು. ಈ ಮಿಷನರಿಗಳನ್ನು ನಾವು ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ, ನಿಘಂಟುಗಳಿಂದ ನೆನೆಯುತ್ತೇವೆ. ಆದರೆ ಅವರನ್ನು ರೂಪಿಸಿದ ಪಯಟಿಸಂ ಎಂಬ ಜರ್ಮನ್ ಚಳವಳಿಯು ಹೃದಯದ ಧರ್ಮವಾಗಿತ್ತು. ಸಿದ್ಧಾಂತವನ್ನು ಬಾಯಿಪಾಠ ಮಾಡಿದರೆ ಸಾಲದು, ಪಾಪಕ್ಕಾಗಿ ಒಳಗೆ ನೋಯಬೇಕು, ಕ್ಷಮೆ ಸಿಕ್ಕಾಗ ಒಳಗೆ ಹಗುರಾಗಬೇಕು ಎಂದು ಅದು ಕಲಿಸಿತು. ಅಂಥ ಬೇರಿನಿಂದ ಬಂದ ನಮ್ಮ ಸಭೆಗಳು ಕಣ್ಣೀರಿಗೆ ಯಾವಾಗ ಹೆದರತೊಡಗಿದವೋ!

ಹಾಡುವಾಗ ಮಾತ್ರ ಆ ಹೆದರಿಕೆ ಕಳಚುತ್ತದೆ. ಜರ್ಮನ್ ರಾಗಕ್ಕೆ ಕೂಡಿಸಿದ ಕನ್ನಡ ಪದಗಳನ್ನು ನಾಲ್ಕು ದನಿಗಳಲ್ಲಿ ಹಾಡುತ್ತಿದ್ದಾಗ ನನ್ನ ಮುಂದಿನ ಬೆಂಚಿನ ಹಿರಿಯರೊಬ್ಬರು ಪುಸ್ತಕ ಮುಚ್ಚಿ, ಕಣ್ಣೂ ಮುಚ್ಚಿಕೊಂಡು ಹಾಡಿದರು. ಜರ್ಮನ್ ಸಭೆಗಳು ಶುಭ ಶುಕ್ರವಾರ ಹಾಡುವ ಅತಿ ಗಂಭೀರ ರಾಗವೊಂದು ಮೂಲದಲ್ಲಿ ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯದ್ದು. ವಿರಹದ ರಾಗವು ಶಿಲುಬೆಯ ಹಾಡಿಗೆ ಒದಗಿಬಂದದ್ದರಲ್ಲಿ ನನಗೆ ಅಪಚಾರವೇನೂ ಕಾಣುವುದಿಲ್ಲ. ಮನುಷ್ಯನಿಗೆ ಇರುವುದು ಒಂದೇ ಹೃದಯ, ದೇವರಿಗೆಂದು ಬೇರೆಯದನ್ನು ಎಲ್ಲಿಂದ ತರುವುದು?

ಹಾಗೆಂದು ಸಂಶಯವೇ ಇಲ್ಲವೆಂದಲ್ಲ. 387ರಲ್ಲಿ ಮಿಲಾನ್ ನಗರದಲ್ಲಿ ದೀಕ್ಷಾಸ್ನಾನ ಪಡೆದ ಸಂತ ಅಗಸ್ಟೀನನು ಅಲ್ಲಿಯ ಸಭೆಯ ಹಾಡು ಕೇಳಿ ಧಾರಾಳವಾಗಿ ಅತ್ತವನು. ಮುಂದೆ ಬಿಷಪನಾದ ಮೇಲೆ ಅವನೇ ಅಳುಕಿದ. ಹಾಡಿದ ವಿಷಯಕ್ಕಿಂತ ಹಾಡಿಕೆಯೇ ತನ್ನನ್ನು ಹೆಚ್ಚು ಕಲಕಿದರೆ ಅದು ತಪ್ಪೆಂದು ಬರೆದುಕೊಂಡ. ಆದರೂ ಹಾಡನ್ನು ಸಭೆಯಿಂದ ಹೊರಗಿಡಲಿಲ್ಲ. ಧ್ವನಿವರ್ಧಕ, ಡ್ರಮ್ಸ್, ಬಣ್ಣದ ಬೆಳಕುಗಳಿಂದ ಜನರನ್ನು ಅಳಿಸುವ ಕೂಟಗಳನ್ನೂ ನಾನು ಕಂಡಿದ್ದೇನೆ. ಅಲ್ಲಿ ಅಳು ಬಾರದವರು ತಮಗೆ ವಿಶ್ವಾಸವೇ ಇಲ್ಲವೇನೋ ಎಂದು ಕುಗ್ಗಿ ಮನೆಗೆ ಹೋಗುತ್ತಾರೆ. ಆ ಕ್ರೌರ್ಯವನ್ನು ನಾನು ಒಪ್ಪಲಾರೆ.

ಮಂಗಳವಾರ ಮೂಡುಬಿದಿರೆಯ ದಾರಿಯಾಗಿ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದೆ. 1432ರಿಂದ ಬಂಡೆಯ ಮೇಲೆ ನಿಂತಿರುವ 42 ಅಡಿಯ ಗೊಮ್ಮಟನಿಗೆ ಕೈಮುಗಿದೆ. ರಾಗದ್ವೇಷಗಳನ್ನು ದಾಟಿ ನಿಂತ ಮುಖ ಅದು. ಅಲ್ಲಿಂದ ಅತ್ತೂರು ಹತ್ತಿರವೇ, ಆದರೆ ಅಲ್ಲಿ ಪೂಜ್ಯನಾದವನು ಬೆಂಕಿಯ ಮೇಲೆ ಸತ್ತನೆಂದು ಪರಂಪರೆ ಹೇಳುತ್ತದೆ. ಸಂತ ಲಾರೆನ್ಸ್ ರೋಮಿನ ಸಭೆಯ ಸೇವಕನಾಗಿದ್ದ. ಸಭೆಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿಗಳು ಕೇಳಿದಾಗ ಬಡವರನ್ನೂ ರೋಗಿಗಳನ್ನೂ ಕರೆತಂದು, ಇವರೇ ಸಭೆಯ ಸಂಪತ್ತು ಎಂದನಂತೆ. 258ರಲ್ಲಿ ಅವನನ್ನು ಕೊಂದರು.

ಅತ್ತೂರಿನ ಕಥೆಯೂ ನೋವಿನದ್ದೇ. 1784ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿತು. ಬದುಕಿ ಉಳಿದವರು ಮರಳಿದ್ದು 1799ರ ನಂತರ. ಹೊಸ ಇಗರ್ಜಿಗೆ ಜಾಗ ಹುಡುಕುತ್ತ ಸಂತ ಲಾರೆನ್ಸರ ಮರದ ಪ್ರತಿಮೆಯನ್ನು ಹೊತ್ತು ಬಂದವರು ಇಲ್ಲಿಯ ನೀರಿನ ಒರತೆಯ ಬಳಿ ದಣಿವಾರಿಸಿಕೊಳ್ಳಲು ಅದನ್ನು ಕೆಳಗಿಳಿಸಿದರು, ಮತ್ತೆ ಎತ್ತಲು ಆಗಲೇ ಇಲ್ಲ ಎಂಬುದು ಐತಿಹ್ಯ. ಆ ನೀರೇ ಇಂದಿನ ಪುಷ್ಕರಿಣಿ. 2016ರಲ್ಲಿ ಈ ಇಗರ್ಜಿಗೆ ಪೋಪರಿಂದ ಬಸಿಲಿಕ ಎಂಬ ವಿಶೇಷ ಗೌರವ ಸಿಕ್ಕಿತು.

ಜನಸಾಗರ ಎಂಬ ಸವೆದ ಮಾತು ಇಲ್ಲಿ ನಿಜಕ್ಕೂ ಹೊಂದುತ್ತದೆ. ಕೊಂಕಣಿ, ತುಳು, ಕನ್ನಡ ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತಿದ್ದವು. ಮೇಣದ ಬತ್ತಿ ಹಿಡಿದ ಸಾಲಿನಲ್ಲಿ ಕುಂಕುಮವಿಟ್ಟವರಿದ್ದರು, ಬುರ್ಖಾ ತೊಟ್ಟವರೂ ಇದ್ದರು. ಗಾಲಿಕುರ್ಚಿಯಲ್ಲಿದ್ದ ಮಗನ ಹಣೆಗೆ ಪುಷ್ಕರಿಣಿಯ ನೀರು ಹಚ್ಚಿದ ತಂದೆಯೊಬ್ಬರು ಎಲ್ಲರೆದುರೇ ಗಟ್ಟಿಯಾಗಿ ಅತ್ತರು. ಯಾರೂ ಮುಖ ತಿರುಗಿಸಲಿಲ್ಲ. ಹಿಂದೆ ನಿಂತವರೊಬ್ಬರು ಅವರ ಬೆನ್ನ ಮೇಲೆ ಕೈಯಿಟ್ಟರು, ಇನ್ನೊಬ್ಬರು ಗಾಲಿಕುರ್ಚಿಯನ್ನು ನೆರಳಿಗೆ ತಳ್ಳಿದರು. ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಬಿಟ್ಟನು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಸತ್ತವನನ್ನು ಎಬ್ಬಿಸಲೆಂದೇ ಬಂದವನು ಮೊದಲು ಅತ್ತನಲ್ಲ ಎಂಬುದು ಆಗ ನನ್ನನ್ನು ಹಿಡಿದು ನಿಲ್ಲಿಸಿತು.

ಕೆಥೊಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆಗೆ ಕಾಯುವಾಗ ಪಕ್ಕದಲ್ಲಿದ್ದ ವೃದ್ಧೆಯನ್ನು ಮಾತಿಗೆಳೆದೆ. ಬೆಳ್ಮಣ್ ಕಡೆಯವರು. ಗಂಡ ತೀರಿಕೊಂಡ ವರ್ಷದಿಂದ ತಪ್ಪದೆ ಬರುತ್ತಿದ್ದಾರೆ.

“ಬಾಯಮ್ಮ, ಇಲ್ಲಿಗೆ ಬಂದರೆ ಮನಸ್ಸಿಗೆ ಸಮಾಧಾನ ಆಗುತ್ತದೆಯೇ?”

“ಕೆಲವು ವರ್ಷ ಆಗುತ್ತದೆ ಮಗಳೇ. ಕೆಲವು ವರ್ಷ ಏನೂ ಅನಿಸುವುದಿಲ್ಲ, ಕಲ್ಲಿನ ಹಾಗೆ ಕೂತಿರುತ್ತೇನೆ. ಆಗ ಉಳಿದವರು ಪ್ರಾರ್ಥನೆ ಹೇಳುತ್ತಾರಲ್ಲ, ನಾನು ಆಮೆನ್ ಹೇಳುತ್ತೇನೆ. ಅಷ್ಟು ಸಾಕು.”

ನಾನು ಬಹುಕಾಲ ಹುಡುಕಿದ ಮಾತು ಅದು. ಶತಮಾನಗಳಿಂದ ಸವೆದು ಬಂದ ಪ್ರಾರ್ಥನಾ ಕ್ರಮವು ಭಾವನೆಯನ್ನು ಕಟ್ಟಿಹಾಕುತ್ತದೆಂದು ಬಹಳ ಜನ ದೂರುತ್ತಾರೆ. ಆದರೆ ಎದೆ ಬತ್ತಿದ ದಿನ ನಮ್ಮನ್ನು ಹೊತ್ತು ನಡೆಸುವುದು ಅದೇ ಕ್ರಮ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಗೋಳಾಟವೇ. ದೇವರೇ, ಯಾಕೆ ಕೈಬಿಟ್ಟೆ ಎಂದು ಕೂಗುವ 22ನೆಯ ಕೀರ್ತನೆಯನ್ನೂ ಗಾಯನಕ್ಕೆಂದೇ ಬರೆದಿಡಲಾಗಿದೆ. ಒಬ್ಬನ ಎದೆ ಒಡೆದಾಗ ಹೊಮ್ಮಿದ ಕೂಗನ್ನು ಇಡೀ ಸಭೆ ಹಾಡುತ್ತದೆ, ಎದೆ ಒಡೆಯದವರೂ ಸೇರಿ.

ಕೊಂಕಣಿಯ ಬಲಿಪೂಜೆಯಲ್ಲಿ ನನಗೆ ಪೂರ್ತಿ ಅರ್ಥವಾದ ಪದಗಳು ಕೆಲವೇ. ಆದರೂ ಅಸ್ವಸ್ಥರಿಗಾಗಿ ಪ್ರಾರ್ಥನೆ ಮೊದಲಾದಾಗ ಕೈಗಳೆಲ್ಲ ಮೇಲೆದ್ದವು, ನನ್ನದೂ ಎದ್ದಿತು. ಹೊರಗೆ ಬಂದಾಗ ಬಾಯಮ್ಮ ಅಂಗಡಿಸಾಲಿನಲ್ಲಿ ಮೊಮ್ಮಕ್ಕಳಿಗೆ ಖರ್ಜೂರ ಕೊಳ್ಳುತ್ತ, ಬೆಲೆ ಇಳಿಸೆಂದು ಜೋರು ದನಿಯಲ್ಲಿ ಜಗಳಕ್ಕೇ ನಿಂತಿದ್ದರು. ನನ್ನ ಕೈಗೂ ಒಂದು ಹಿಡಿ ಹಾಕಿದರು.

ನಮ್ಮ ಸಭಾಪಾಲಕರ ಹತ್ತಿರ ಒಂದು ಮಾತು ಕೇಳಬೇಕೆಂದಿದ್ದೇನೆ. ಬರುವ ಶುಭ ಶುಕ್ರವಾರ ಪ್ರಸಂಗವನ್ನು ಅರ್ಧಕ್ಕೆ ಇಳಿಸಿ, ಆ ವರ್ಷ ತೀರಿಕೊಂಡವರ ಮತ್ತು ಹಾಸಿಗೆ ಹಿಡಿದವರ ಹೆಸರುಗಳನ್ನು ಒಂದೊಂದಾಗಿ ಓದೋಣ. ಆಮೇಲೆ 22ನೆಯ ಕೀರ್ತನೆಯನ್ನು ಎಲ್ಲರೂ ನಿಂತು ಹಾಡೋಣ. ಯಾರಾದರೂ ಬಿಕ್ಕಿದರೆ ಪಕ್ಕದವರು ಏನು ಮಾಡಬೇಕೆಂಬುದನ್ನು ಮೊದಲೇ ಹೇಳಿಟ್ಟಿದ್ದರೆ ಇನ್ನೂ ಒಳ್ಳೆಯದು.